ಇಳಿದು ಹತ್ತುವ ಅಭ್ಯಾಸ

ಮೊನ್ನೆ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ನನ್ನ ಮರ್ಯಾದೆ ಸ್ವಲ್ಪದರಲ್ಲಿ ಉಳಿಯಿತು. ನಾನಿರುವುದು ನೆರೂಳಿನಲ್ಲಿ, ಎಂಟನೇ ಮಾಳಿಗೆ. ಜೊತೆಯಲ್ಲಿದ್ದವರು ನಾಲ್ಕನೇ ಮಾಳಿಗೆಯ ಒಬ್ಬ ಗೃಹಸ್ಥರು, ಅವರ ಕೈಯಲ್ಲಿ ಹಾಲಿನ ಚೀಲ. ನಾಲ್ಕನೇ ಮಾಳಿಗೆ ಬಂತು, ಬಾಗಿಲು ತೆರೆಯಿತು. ಬಾಗಿಲ ಬಳಿ ನಿಂತಿದ್ದ ನಾನು ಟಕ್ಕನೆ ಹೊರಗಿಳಿದೆ, ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ, ಅವರು ಇಳಿದ ಮೇಲೆ ಮತ್ತೆ ಒಳಗೆ ಹತ್ತಿದೆ. ಲಿಫ್ಟಿನಲ್ಲಿ ಇನ್ನೂ ಅರ್ಧ ಮದುವೆ ದಿಬ್ಬಣ ಹಿಡಿಸುವಷ್ಟು ಜಾಗ ಖಾಲಿ ಇತ್ತು. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಪ್ ಡೋಂಬಿವಲಿ ಸೇ ಹೈ ಕ್ಯಾ?" ಎಂದು ಕೇಳಿದರು. ಹೌದು ಎಂದೆ. "ಮೈ ಭೀ," ಎಂದು ನಗುತ್ತಾ ಹೋದರು.

ಮುಂಬಯಿಯ ಲೋಕಲ್ ರೈಲುಗಾಡಿಯಲ್ಲಿ ಓಡಾಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಾಲದ ಲೋಕಲಿಗೆ ಬಾಗಿಲು ಎಂಬುದು ಇತ್ತು, ಆದರೆ ಅದು ಮುಚ್ಚುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರು ತಮ್ಮ ಸ್ಟೇಷನ್ ಅಲ್ಲದಿದ್ದರೂ ಕೆಳಗಿಳಿದು ನಿಲ್ಲಬೇಕು. ಒಳಗಿನವರು ಇಳಿದ ಮೇಲೆ ಮತ್ತೆ ಹತ್ತಬೇಕು. ಹಾಗೆ ಮಾಡದವರನ್ನು ಜನ ಇಳಿಸಿಯೇ ಬಿಡುತ್ತಾರೆ, ಮತ್ತೆ ಹತ್ತಿಸುವುದು ಅವರ ಇಷ್ಟ. ಗಾಡಿಯೂ ಪಾಪ, ಒಮ್ಮೆಲೇ ಓಡುವುದಿಲ್ಲ. ಹಾರ್ನ್ ಹಾಕಿ, ಒಂದು ಸಲ ಮೈ ಕೊಡವಿ, ನಿಧಾನವಾಗಿ ಹೊರಡುತ್ತದೆ. ಅಷ್ಟರಲ್ಲಿ ನಡುವಿನ ಕಂಬ ಹಿಡಿದು ಒಂದು ಕಾಲಿಟ್ಟರೆ ಆಯಿತು. ಇದರ ಜೊತೆಗೆ ಇನ್ನೊಂದು ಅಭ್ಯಾಸವಿದೆ. ಡೋಂಬಿವಲಿಯಲ್ಲಿ ಇಳಿಯುವವರು ಮೂರು ಸ್ಟೇಷನ್ ಹಿಂದಿನ ಮುಂಬ್ರಾ ಬರುವ ಮೊದಲೇ ಎದ್ದು ಬಾಗಿಲಿನತ್ತ ಹೊರಡಬೇಕು. ಕೂತು ಉಳಿದವರು ಇನ್ನೂ ಆಚೆಯ ಕಲ್ಯಾಣ ನೋಡಿಕೊಂಡು ಬರುತ್ತಾರೆ.

ಈ ಅಭ್ಯಾಸ ನನಗೆ ಅಪ್ಪ-ಅಮ್ಮನಿಂದ ಬಂದದ್ದು. ಬೇರೆಯವರಿಗೆ ಅಪ್ಪನ ಮೂಗು, ಅಮ್ಮನ ಕೂದಲು ಬರುತ್ತದೆ. ನನಗೆ ಮೂಗೂ ಅಷ್ಟಕ್ಕಷ್ಟೇ, ಕೂದಲೂ ಅಷ್ಟಕ್ಕಷ್ಟೇ.

ಅಪ್ಪ ಕುಂದಾಪುರದ ಕಡೆಯವರು, ಠಾಣೆ ಊರಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ನಮ್ಮ ಮನೆ ಡೋಂಬಿವಲಿಯಲ್ಲಿ, ಠಾಕುರ್ಲಿ ಕಡೆಗೆ ಹೋಗುವ ರಸ್ತೆಯ, ವಠಾರದಂಥ ಒಂದು ಚಾಳಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಊರಿನಿಂದ ಮುಂಬಯಿಗೆ ಹೊಸದಾಗಿ ಬಂದವರಿಗೆ ಮೊದಲ ಸ್ಟೇಷನ್ ನಮ್ಮ ಮನೆಯೇ. ಕೆಲಸ ಸಿಗುವ ತನಕ ಯಾರದೋ ಅಳಿಯ, ಮದ್ದು ಮಾಡಿಸಲು ಬಂದ ಯಾರದೋ ಅತ್ತೆ, ಹೀಗೆ ಸಾಲಾಗಿ ಚಾಪೆ ಹಾಸುತ್ತಿದ್ದೆವು. ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅಡುಗೆಮನೆಯ ಬಾಗಿಲ ಹತ್ತಿರ ಅಮ್ಮ ಮತ್ತು ನಾನು. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಗಳಕ್ಕೂ ಜಾಗ ಇರಲಿಲ್ಲ, ಕೇಳಿಸಿಕೊಳ್ಳಲು ಯಾರಾದರೊಬ್ಬರು ಕೂತೇ ಇರುತ್ತಿದ್ದರು.

ಹೊರಗೆ ಹೊರಟರೂ ಅಷ್ಟೇ. ಮಾಟುಂಗದಲ್ಲಿ ಒಂದು ಮದುವೆ, ಕಲ್ಯಾಣದಲ್ಲಿ ಒಂದು ನಾಮಕರಣ ಎಂದು ಮೂವರೂ ಹೊರಡುತ್ತಿದ್ದೆವು. ಅಮ್ಮ ರೇಷ್ಮೆ ಸೀರೆ ಉಟ್ಟು, ಅಪ್ಪ ಇಸ್ತ್ರಿ ಶರ್ಟು ಹಾಕಿ, ಪ್ಲಾಟ್‌ಫಾರ್ಮ್ ತನಕ ಒಂದು ಸಂಸಾರ. ಅಲ್ಲಿಂದ ಅಮ್ಮ ಮತ್ತು ನಾನು ಲೇಡೀಸ್ ಡಬ್ಬಿಗೆ, ಅಪ್ಪ ಜೆಂಟ್ಸಿಗೆ. "ಇಳಿದ ಮೇಲೆ ಬ್ರಿಡ್ಜಿನ ಕೆಳಗೆ ನಿಂತುಕೊ," ಎನ್ನುವುದು ಅಪ್ಪನ ಮಾತು. ಅಮ್ಮ ಹೂಂ ಎನ್ನುತ್ತಿದ್ದಳು. ಗಾಡಿಯಲ್ಲಿ ಅಮ್ಮ ಮೆಂತ್ಯ ಸೊಪ್ಪು ಬಿಡಿಸುವ ಮರಾಠಿ ಹೆಂಗಸರ ಜೊತೆ ಸೊಪ್ಪು ಬಿಡಿಸುತ್ತಿದ್ದಳು, ಮದುವೆಗೆ ಹೊರಟ ರೇಷ್ಮೆ ಸೀರೆಯ ಮಡಿಲಲ್ಲಿ ಪರರ ಮನೆಯ ಮೆಂತ್ಯ. ಇಳಿದು ಬ್ರಿಡ್ಜಿನ ಕೆಳಗೆ ಅಪ್ಪ ಸಿಕ್ಕಿದ ಮೇಲೆ ಅವರು ಮುಂದೆ, ನಾವು ಹಿಂದೆ. ಅಪ್ಪನ ನಡಿಗೆ ಜೋರು. ಗಲ್ಲಾದ ಮೇಲೆ ಇಡೀ ದಿನ ಕೂತ ಕಾಲುಗಳು ರಸ್ತೆ ಕಂಡರೆ ಸುಮ್ಮನಿರುತ್ತಿರಲಿಲ್ಲ.

"ಇವರ ಬೆನ್ನು ನೋಡಿ ನೋಡಿ," ಅಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ್ದಳು, "ನಂಗೆ ಇವರ ಮುಖಕ್ಕಿಂತ ಬೆನ್ನೇ ಹೆಚ್ಚು ಗುರ್ತ."

ಹೀಗೆ ಒಂದು ಪೂರಾ ಸಂಸಾರ ನಡೆದುಹೋಯಿತು. ನಾನು ಓದಿ, ತುರ್ಭೆಯ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪ ಗಲ್ಲಾದಿಂದ ಇಳಿದು ಮನೆಯಲ್ಲಿ ಕೂತರು. ಆ ಹೊತ್ತಿಗೆ ಡೋಂಬಿವಲಿಯಲ್ಲಿ ಯುರೋಪ್ ಟೂರಿನ ಗಾಳಿ ಬೀಸಿತ್ತು. ನಿನ್ನೆ ಮೊನ್ನೆಯವರೆಗೆ ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತರುತ್ತಿದ್ದವರು ಈಗ ಆಲ್ಪ್ಸ್ ಬೆಟ್ಟಕ್ಕೆ ಹೋಗಿ ಚಾಕಲೇಟ್ ತರತೊಡಗಿದರು. ನಾನೂ ಒಂದು ದಿನ ಟೂರಿನ ಬಣ್ಣದ ಪುಸ್ತಿಕೆ ತಂದು ಅಡುಗೆಮನೆಯಲ್ಲಿ ಹರಡಿದೆ.

"ಹಿಮ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ?" ಎಂದರು ಅಪ್ಪ. "ನಮ್ಮ ಹೋಟ್ಲಿನ ಡೀಪ್ ಫ್ರೀಜರ್ ಬಾಗಿಲು ತೆಗೆದ್ರೆ ಬೇಕಾದಷ್ಟು ಉಂಟು."

ಅವರು ಎದ್ದು ಹೋದ ಮೇಲೆ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಮೆಲ್ಲಗೆ ಕೇಳಿದಳು, "ಅಲ್ಲಿ ರೈಲಿನಲ್ಲಿ ಲೇಡೀಸ್ ಡಬ್ಬಿ ಬೇರೆ ಉಂಟಾ?"

"ಇಲ್ಲಮ್ಮ. ಎಲ್ಲರೂ ಒಟ್ಟಿಗೆ."

"ಹಾಗಾದ್ರೆ ಹೋಗುವ," ಎಂದಳು. ಇನ್ನೊಂದು ಎಸಳು ಸುಲಿದು ಮತ್ತೆ ಹೇಳಿದಳು. "ನಂಗೆ ಹಿಮ ಗಿಮ ಎಂತದೂ ಬೇಡ ಮಾರಾಯ್ತಿ. ಇವರ ಬದಿಯಲ್ಲಿ ಕೂತು ಒಂದು ಸಲ ಹೋಗ್ಬೇಕು. ನಡುವಿನಲ್ಲಿ ಯಾರೂ ಇರ್ಬಾರ್ದು. ಅಷ್ಟೇ."

ಅಪ್ಪನನ್ನು ಹೇಗಾದರೂ ಒಪ್ಪಿಸುತ್ತೇನೆ ಎಂದು ಅಂದೇ ತೀರ್ಮಾನ ಮಾಡಿದೆ. ಟೂರಿನವರು ಮೂರು ಹೊತ್ತೂ ಅನ್ನ-ಸಾರು ಕೊಡುತ್ತಾರೆ, ಅಡುಗೆಯವನು ಜೊತೆಯಲ್ಲೇ ಬರುತ್ತಾನೆ ಎಂದ ಮೇಲೆ ಅಪ್ಪ ಮೆತ್ತಗಾದರು. ಆ ಅಡುಗೆಯವನು ಎಂಥ ಸಾರು ಮಾಡುತ್ತಾನೆಂದು ನೋಡುವ ಹೋಟೆಲಿನವರ ಕುತೂಹಲ ಅವರಿಗೆ.

ಇನ್ನು ನನ್ನ ಬುದ್ಧಿವಂತಿಕೆ ಕೇಳಿ. ಗಂಡ-ಹೆಂಡತಿ ಅಕ್ಕಪಕ್ಕ ಕೂರಲಿ ಎಂದು ಹೊರಡಿಸಿದವಳು ನಾನು, ಮತ್ತು ಮೂರನೆಯವಳಾಗಿ ಹೊರಟವಳೂ ನಾನೇ. ವಿಮಾನದಲ್ಲಿ ಮೂರು ಸೀಟು. ಅಪ್ಪನಿಗೆ ಕಿಟಕಿ ಬೇಕು, ಅಮ್ಮನಿಗೆ ಎದ್ದು ಓಡಾಡಲು ಓಣಿ ಬದಿ ಬೇಕು. ಉಳಿದದ್ದು ನಡುವಿನದು. ಇಡೀ ದಾರಿ ಅಮ್ಮ ನನ್ನ ಎದೆಯ ಮೇಲಿಂದ ಬಾಗಿ, "ಹೋಯ್, ಎಂತ ಕಾಣ್ತದೆ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ನನ್ನ ಕಿವಿಯಲ್ಲಿ, "ಮೋಡ ಅಂತ ಹೇಳು," ಎಂದರು. ಹೋಟೆಲಿನಲ್ಲಿ ಮೂವರಿಗೆ ಒಂದು ಕೋಣೆ. ಬಸ್ಸಿನಲ್ಲಾದರೂ ಜೋಡಿ ಸೀಟಿತ್ತಲ್ಲ ಎಂದರೆ, ಅಲ್ಲಿ ಕಲ್ಯಾಣದ ಒಬ್ಬರು ರಮ್ಮಿ ಆಡುವ ಗೃಹಸ್ಥರು ಹಿಂದಿನ ಸಾಲಿನಿಂದ ಅಪ್ಪನನ್ನು ಕರೆದುಬಿಟ್ಟರು. ಮುಂದಿನ ಸಾಲಿನ ಹೆಂಗಸರು ಅಂತ್ಯಾಕ್ಷರಿಗೆ ಅಮ್ಮನನ್ನು ಎಳೆದುಕೊಂಡರು. ಎರಡೇ ದಿನದಲ್ಲಿ ಆ ಬಸ್ಸಿನಲ್ಲಿ ಒಂದು ಲೇಡೀಸ್ ಡಬ್ಬಿ, ಒಂದು ಜೆಂಟ್ಸ್ ಡಬ್ಬಿ ಸಿದ್ಧವಾದವು. ಸರೋವರ ನೋಡಿದೆವು, ಮರದ ಸೇತುವೆ ನೋಡಿದೆವು, ದನದ ಕೊರಳಿಗೆ ಕಟ್ಟುವ ಗಂಟೆ ಮಾರುವ ಅಂಗಡಿ ನೋಡಿದೆವು. ಎಲ್ಲ ಫೋಟೋಗಳಲ್ಲೂ ಅಪ್ಪ ಆ ತುದಿಗೆ, ಅಮ್ಮ ಈ ತುದಿಗೆ. ಟೂರು ಮುಗಿಯುತ್ತಾ ಬಂತು. ಅಮ್ಮ ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೊನೆಗೆ ಉಳಿದದ್ದು ಒಂದು ಬೆಟ್ಟ. ಅದರ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ತಡವರಿಸುತ್ತದೆ. ಅಪ್ಪ ಇವತ್ತಿಗೂ ಅದನ್ನು "ಆ ಬೆಟ್ಟ" ಎಂದೇ ಹೇಳುವುದು. ಅದರ ತುದಿಗೆ ಹೋಗಲು ಒಂದು ರೈಲಿದೆ. ಹಳಿಗಳ ನಡುವೆ ಹಲ್ಲುಹಲ್ಲಾದ ಇನ್ನೊಂದು ಹಳಿ, ಅದನ್ನು ಕಚ್ಚಿ ಹಿಡಿದು ನಿಧಾನವಾಗಿ ಮೇಲೇರುತ್ತದೆ. ಬಾಗಿಲುಗಳು ತಾವಾಗಿಯೇ ತೆರೆಯುತ್ತವೆ, ತಾವಾಗಿಯೇ ಮುಚ್ಚುತ್ತವೆ. ನಮ್ಮ ಟೂರ್ ಲೀಡರ್ ಕೇತನ್ ಎಂಬ ಚುರುಕು ಹುಡುಗ ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದ, ಕೊನೆಯ ಸ್ಟೇಷನ್ ಬರುವ ತನಕ ಯಾರೂ ಏಳಬೇಡಿ ಎಂದು. ಡೋಂಬಿವಲಿ-ಕಲ್ಯಾಣದ ಜನರಿಗೆ ಆ ಮಾತು ಹೇಳುವುದೂ ಒಂದೇ, ಬೆಕ್ಕಿಗೆ ಹಾಲು ಕುಡಿಯಬೇಡ ಎನ್ನುವುದೂ ಒಂದೇ.

ಕೆಳಗೆ ಹಸಿರು ಹುಲ್ಲು, ಮೇಯುವ ದನಗಳು. ಸ್ವಲ್ಪ ಮೇಲೆ ಹೋದಂತೆ ಹುಲ್ಲಿನ ನಡುವೆ ಬಿಳಿ ತೇಪೆಗಳು. ಇನ್ನೂ ಮೇಲೆ ಹೋದಾಗ ಎಲ್ಲವೂ ಬಿಳಿ. ಅಪ್ಪ ಗಂಡಸರ ಗುಂಪಿನಿಂದಲೇ ದೊಡ್ಡ ದನಿಯಲ್ಲಿ, "ಇಡ್ಲಿ ಹಿಟ್ಟು ಉಕ್ಕಿ ಹರಿದ ಹಾಗೆ ಉಂಟಲ್ಲ," ಎಂದರು. ಅಮ್ಮ ಹೆಂಗಸರ ಗುಂಪಿನಲ್ಲಿ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಸುಯ್ಯನೆ ಜಾರುವವರನ್ನು ನೋಡಿ, "ನಮ್ಮಲ್ಲಿ ಜಾರಿ ಬಿದ್ರೆ ನಗ್ತಾರೆ. ಇಲ್ಲಿ ಜಾರ್ಲಿಕ್ಕೆ ಟಿಕೇಟ್ ತೆಗೀತಾರೆ," ಎಂದಳು. ನಮ್ಮ ರೈಲಿನಲ್ಲೂ ಅಂಥ ಸ್ಕೀಯಿಂಗ್ ಜನ ತುಂಬಾ ಇದ್ದರು. ಮೈಯೆಲ್ಲ ದಪ್ಪ ಬಟ್ಟೆ, ತಲೆಗೆ ಹೆಲ್ಮೆಟ್, ಕೈಯಲ್ಲಿ ಹಲಗೆಗಳು, ಕೋಲುಗಳು. ಬೆಳಗಿನ ಲೋಕಲಿನ ಲಗೇಜ್ ಡಬ್ಬಿಯ ಹಾಗೆಯೇ ಇತ್ತು, ಮೀನಿನ ವಾಸನೆ ಒಂದಿಲ್ಲ.

ಬೆಟ್ಟದ ಅರ್ಧಕ್ಕೆ ಒಂದು ಸಣ್ಣ ಸ್ಟೇಷನ್. ಸ್ಕೀಯಿಂಗ್ ಮಾಡುವವರು ಅಲ್ಲಿ ಇಳಿಯಬೇಕು. ರೈಲು ನಿಧಾನವಾದದ್ದೇ ತಡ, ನಮ್ಮವರು ಅರ್ಧ ಜನ ಎದ್ದು ನಿಂತರು. ಅಪ್ಪ ಅಭ್ಯಾಸದಂತೆ ಮೊದಲೇ ಮುಂದಿನ ಬಾಗಿಲಲ್ಲಿ ನಿಂತಿದ್ದರು. ಅಮ್ಮ ಹಿಂದಿನ ಬಾಗಿಲ ಬಳಿ ಇದ್ದಳು. ನಾನು ನಡುವೆ, ಎಂದಿನಂತೆ. ಬಾಗಿಲು ತೆರೆಯಿತು. ಹಲಗೆ-ಕೋಲುಗಳ ದಂಡು ಹೊರಟಿತು. ನನ್ನ ಕಣ್ಣೆದುರಿಗೇ ಮುಂದಿನ ಬಾಗಿಲಿನಿಂದ ಅಪ್ಪ ಇಳಿದು, ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತರು. ಹಿಂದಿನ ಬಾಗಿಲಿನಿಂದ ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದು, ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಳು. ಇಬ್ಬರೂ ಕೊನೆಯ ಮನುಷ್ಯ ಇಳಿಯುವ ತನಕ ಸಭ್ಯರಾಗಿ ಕಾದರು. ಅಷ್ಟರಲ್ಲಿ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಂಡವು. ಹಾರ್ನ್ ಇಲ್ಲ, ಮೈ ಕೊಡವುವುದು ಇಲ್ಲ, ರೈಲು ಹೊರಟೇಬಿಟ್ಟಿತು.

ಅಪ್ಪ ರೈಲಿನ ಪಕ್ಕದಲ್ಲಿ ಓಡಿದರು. ಡೋಂಬಿವಲಿಯಲ್ಲಿ ಎಷ್ಟೋ ಸಲ ಓಡಿ ಹಿಡಿದವರು, ಕೈ ಚಾಚಿ ಹಿಡಿಕೆ ಹುಡುಕಿದರು. ಆ ರೈಲಿಗೆ ಹೊರಗೆ ಹಿಡಿಕೆಯೇ ಇರಲಿಲ್ಲ, ನುಣ್ಣಗಿನ ಗಾಜು ಮಾತ್ರ. ಗಾಜಿಗೆ ಅಂಗೈ ಬಡಿದು, ಹಿಂದೆ ಉಳಿದರು. ಒಳಗೆ ನಮ್ಮವರೆಲ್ಲ ಒಟ್ಟಿಗೆ ಕೂಗಿದರು. ರಮ್ಮಿಯ ಗೃಹಸ್ಥರು "ಚೈನ್ ಖೀಂಚೋ" ಎಂದು ಮೇಲೆಲ್ಲ ತಡಕಾಡಿದರು. ಎಳೆಯಲು ಚೈನೂ ಇರಲಿಲ್ಲ. ಹಿಮದ ನಡುವಿನ ಆ ಸಣ್ಣ ಪ್ಲಾಟ್‌ಫಾರ್ಮಿನ ಎರಡು ತುದಿಗಳಲ್ಲಿ ಮಂಕಿ ಟೋಪಿಯ ಅಪ್ಪ ಮತ್ತು ಸ್ವೆಟರಿನ ಮೇಲೆ ಸೆರಗು ಹೊದ್ದ ಅಮ್ಮ ಸಣ್ಣವಾಗುತ್ತಾ ಹೋದರು. ಅಪ್ಪನಿಗೆ ಬಿ.ಪಿ., ಅಮ್ಮನಿಗೆ ಮಂಡಿನೋವು, ಇಬ್ಬರ ಹತ್ತಿರವೂ ಫೋನಿಲ್ಲ, ಭಾಷೆ ಇಲ್ಲ. ಕೊನೆಗೂ ಅವರಿಬ್ಬರ ನಡುವೆ ನಾನಿಲ್ಲದ ಹಾಗೆ ಮಾಡಿದ್ದು ಇಂಥ ಜಾಗದಲ್ಲಾ ದೇವರೇ ಎಂದುಕೊಂಡೆ.

"ಟೆನ್ಶನ್ ಘೇವೂ ನಕಾ, ಮ್ಯಾಡಮ್," ಎಂದು ಸಮಾಧಾನ ಮಾಡಿದ ಕೇತನ್. ಅವನ ಮುಖದಲ್ಲೇ ಬೇಕಾದಷ್ಟು ಟೆನ್ಶನ್ ಇತ್ತು. ಮುಂದಿನ ಸ್ಟೇಷನ್ನಿನಲ್ಲಿ ನಾನು ಇಳಿದು ಕೆಳಗೆ ಹೋಗುವ ರೈಲು ಹಿಡಿಯುವುದು, ಅವನು ಉಳಿದವರನ್ನು ತುದಿಗೆ ಕರೆದೊಯ್ದು ನನಗೆ ಫೋನ್ ಮಾಡುವುದು ಎಂದಾಯಿತು. ಅಪ್ಪ-ಅಮ್ಮ ನಿಂತಲ್ಲೇ ನಿಂತಿರುತ್ತಾರೆ, ಇಷ್ಟು ವರ್ಷ ಬ್ರಿಡ್ಜಿನ ಕೆಳಗೆ ನಿಂತು ಕಾದವರಲ್ಲವೇ ಎಂದು ನಾನೇ ಧೈರ್ಯ ಹೇಳಿಕೊಂಡೆ.

ಅವರು ನಿಂತಿರಲಿಲ್ಲ. ಏನಾಯಿತೆಂದು ಆಮೇಲೆ ಅಮ್ಮ ಎಷ್ಟೋ ಸಲ ಹೇಳಿದ್ದಾಳೆ, ಈಗ ಚಾಳಿನವರಿಗೆಲ್ಲ ಬಾಯಿಪಾಠ. ರೈಲು ಹೋದ ಮೇಲೆ ಇಬ್ಬರೂ ಎರಡು ತುದಿಯಿಂದ ನಡೆದು ಪ್ಲಾಟ್‌ಫಾರ್ಮಿನ ನಡುವೆ ಸೇರಿದರಂತೆ.

"ನೀನು ಎಂತಕ್ಕೆ ಇಳಿದದ್ದು?" ಎಂದು ಅಪ್ಪ ಗದರಿದರಂತೆ.

"ನೀವು ಎಂತಕ್ಕೆ ಇಳಿದದ್ದು?"

"ಇಳಿಯುವವರಿಗೆ ಜಾಗ ಬಿಡ್ಲಿಕ್ಕೆ."

"ನಾನೂ ಅದಕ್ಕೇ."

ಅಪ್ಪ ನಗಲು ಶುರು ಮಾಡಿದರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇಲ್ಲಿಯೇ ಕಾಯುವ ಎಂದು ಅಮ್ಮ ಹೇಳಿದ್ದಕ್ಕೆ, "ಇಲ್ಲಿ ಬ್ರಿಡ್ಜೂ ಇಲ್ಲ, ಗಾಡಿಯ ಹೊತ್ತು ತೋರಿಸುವ ಇಂಡಿಕೇಟರೂ ಇಲ್ಲ. ಯಾವುದರ ಕೆಳಗೆ ನಿಲ್ಲುದು?" ಎಂದರಂತೆ. ಆಗ ಅಲ್ಲಿಗೆ ಆ ಊರಿನವರೇ ಆದ ಗಂಡ-ಹೆಂಡತಿ ಬಂದರು. ನಮ್ಮವರಷ್ಟೇ ವಯಸ್ಸು, ಇಬ್ಬರ ಕೈಯಲ್ಲೂ ಎರಡೆರಡು ನಡಿಗೆಯ ಕೋಲು. ಹಳಿಯ ಪಕ್ಕದಲ್ಲೇ ಮುಂದಿನ ಸ್ಟೇಷನ್ನಿಗೆ ಕಾಲುದಾರಿ ಇದೆ, ದೂರವಿಲ್ಲ, ನಡೆದೇ ಹೋಗಬಹುದು ಎಂದು ಹಳದಿ ಬೋರ್ಡು ತೋರಿಸಿ, ಕೈಸನ್ನೆ ಮಾಡಿ ತಿಳಿಸಿದರು. ತಮ್ಮ ಕೋಲುಗಳಲ್ಲಿ ಎರಡನ್ನು ಇವರಿಗೆ ಕೊಟ್ಟು, ಅಲ್ಲಿ ಸಿಕ್ಕಾಗ ಕೊಡಿ ಎಂಬಂತೆ ಮೇಲೆ ಬೆರಳು ಮಾಡಿ, ತಾವು ಮುಂದೆ ಹೋದರು. ಅಪರಿಚಿತರಿಗೆ ವಸ್ತು ಕೊಟ್ಟು ಹೋಗುವ ಆ ಧೈರ್ಯ ಅಪ್ಪನಿಗೆ ಇವತ್ತಿಗೂ ಬಿಡಿಸಲಾಗದ ಒಗಟು.

ಇದೊಂದೂ ಆಗ ನನಗೆ ಗೊತ್ತಿಲ್ಲ. ಕೆಳಗಿಳಿಯುವ ರೈಲಿನಲ್ಲಿ ನಾನೊಬ್ಬಳೇ ಕಿಟಕಿಗೆ ಅಂಟಿ ಕೂತು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಒಂದು ತಿರುವಿನಲ್ಲಿ ಹಳಿಯಿಂದ ಸ್ವಲ್ಪ ಕೆಳಗೆ ಹಿಮದ ನಡುವೆ ತುಳಿದು ಗಟ್ಟಿಯಾದ ಕಾಲುದಾರಿ ಕಂಡಿತು. ಅದರ ಮೇಲೆ ಇಬ್ಬರು ನಡೆದು ಬರುತ್ತಿದ್ದರು. ಮೊದಲು ಗುರುತು ಸಿಗಲಿಲ್ಲ, ಏಕೆಂದರೆ ಅಪ್ಪ ಮುಂದೆ ಇರಲಿಲ್ಲ. ಇಬ್ಬರೂ ಅಕ್ಕಪಕ್ಕ ಇದ್ದರು. ಅಪ್ಪನ ಬಲಗೈಯಲ್ಲಿ ಒಂದು ಕೋಲು, ಅಮ್ಮನ ಎಡಗೈಯಲ್ಲಿ ಒಂದು ಕೋಲು, ಉಳಿದ ಎರಡು ಕೈಗಳು ಒಂದನ್ನೊಂದು ಹಿಡಿದಿದ್ದವು. ಮದುವೆಯ ಧಾರೆಯ ದಿನ ಬಿಟ್ಟರೆ ಜನ ನೋಡುವಂತೆ ಅಪ್ಪ ಅಮ್ಮನ ಕೈ ಹಿಡಿದದ್ದು ಇಲ್ಲ, ಧಾರೆಯ ಫೋಟೋದಲ್ಲೂ ನಡುವೆ ಪುರೋಹಿತರ ತಲೆ ಬಂದಿದೆ.

ನಾನು ಕಿಟಕಿ ಬಡಿದೆ. ಅವರು ಈ ಕಡೆ ತಿರುಗಲೇ ಇಲ್ಲ. ಅಮ್ಮ ಏನೋ ಹೇಳುತ್ತಿದ್ದಳು, ಅಪ್ಪ ತಲೆ ಬಾಗಿಸಿ ಕೇಳುತ್ತಿದ್ದರು. ರೈಲು ಪಕ್ಕದಲ್ಲಿ ಹೋದರೂ ತಲೆ ಎತ್ತದ ಡೋಂಬಿವಲಿಯವರನ್ನು ನಾನು ಅದೇ ಮೊದಲು ನೋಡಿದ್ದು. ಅಷ್ಟರಲ್ಲಿ ಅಮ್ಮನ ಕಾಲು ಜಾರಿತು. ಸೀರೆ ಸಮೇತ ಹಿಮದ ಮೇಲೆ ಕುಕ್ಕರಿಸಿದಳು. ನಾನು ಅಯ್ಯೋ ಎಂದು ಎದ್ದು ನಿಂತೆ. ಎಬ್ಬಿಸಲು ಬಾಗಿದ ಅಪ್ಪನೂ ಜಾರಿ ಅವಳ ಪಕ್ಕದಲ್ಲೇ ಕೂತರು. ಇಬ್ಬರೂ ಏಳುವ ಅವಸರ ತೋರಲಿಲ್ಲ. ಅಮ್ಮ ಬಾಯಿಗೆ ಸೆರಗು ಇಟ್ಟು ನಗುತ್ತಿದ್ದಳು. ರೈಲು ತಿರುಗಿತು, ಅವರು ಮರೆಯಾದರು.

ನಡುವಿನ ಸ್ಟೇಷನ್ನಿನಲ್ಲಿ ಇಳಿದು ನಾನು ಆ ಕಾಲುದಾರಿಯಲ್ಲಿ ಹತ್ತತೊಡಗಿದೆ. ಆಫೀಸಿನ ಕುರ್ಚಿಗೆ ಒಗ್ಗಿದ ಮೈ, ಏದುಸಿರು ಬಂತು. ಮಂಡಿನೋವಿನವರು ಮುಂದೆ, ಜಿಮ್ಮಿಗೆ ಹೆಸರು ಕೊಟ್ಟವಳು ಹಿಂದೆ. ಎರಡು ಸಲ ಜಾರಿದೆ, ಎಬ್ಬಿಸಲು ಯಾರೂ ಇರಲಿಲ್ಲ. ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ದೂರದಲ್ಲೆಲ್ಲೋ ಸ್ಕೀಯಿಂಗಿನವರ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟು ನಿಶ್ಶಬ್ದ ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ, ಸ್ವಲ್ಪ ಹೆದರಿಕೆಯೂ ಆಯಿತು.

ಒಂದು ತಿರುವು ದಾಟಿದಾಗ ಅವರು ಕಂಡರು. ದಾರಿಯ ಅಂಚಿನಲ್ಲಿ, ಕಣಿವೆಗೆ ಮುಖ ಮಾಡಿದ ಒಂದು ಮರದ ಬೆಂಚು. ಅದರ ಮೇಲೆ ಕೂತಿದ್ದರು. ಎದುರಿಗೆ ಆಕಾಶದ ತನಕ ಬಿಳಿ ಬೆಟ್ಟಗಳು. ಅಪ್ಪ ತಮ್ಮ ಮಫ್ಲರ್ ತೆಗೆದು ಅಮ್ಮನ ಒದ್ದೆಯಾದ ಕಾಲಿಗೆ ಸುತ್ತಿದ್ದರು. ಅಮ್ಮ ಚೀಲದಿಂದ ಅವಲಕ್ಕಿ ಚೂಡಾದ ಪೊಟ್ಟಣ ತೆಗೆದು ಬಿಚ್ಚಿದಳು. ಒಂದು ಮುಷ್ಟಿ ಅವರ ಕೈಗೆ ಹಾಕಿ, ಒಂದು ಮುಷ್ಟಿ ತಾನು ತಿಂದಳು.

"ಅಪ್ಪಾ" ಎಂದು ಕೂಗಲು ಬಾಯಿ ತೆರೆದೆ. ಆಗ ಅಮ್ಮ ಅಪ್ಪನ ಕಡೆ ತಿರುಗಿ, ಮಂಕಿ ಟೋಪಿ ಸರಿಮಾಡಿ, ಅವರ ಮುಖವನ್ನು ನೋಡುತ್ತಾ ಕೂತಳು. ಬೆಟ್ಟ ನೋಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ತೆರೆದ ಬಾಯಿ ಮುಚ್ಚಿದೆ. ನಾನು ಎರಡು ಹೆಜ್ಜೆ ಹಿಂದೆ ಸರಿದು ತಿರುವಿನ ಬಂಡೆಗೆ ಒರಗಿ ನಿಂತೆ.

ಜೇಬಿನಲ್ಲಿ ಫೋನು ನಡುಗಿತು. ಸದ್ದಾಗದಂತೆ ತೆಗೆದು ಕಿವಿಗಿಟ್ಟೆ. ಕೇತನ್ ತುದಿಯಿಂದ ಮಾತಾಡುತ್ತಿದ್ದ, ದನಿ ಗಾಬರಿಯಾಗಿತ್ತು. ಅಪ್ಪ-ಅಮ್ಮ ಸಿಕ್ಕಿದರಾ ಎಂದು ಕೇಳಿದ.

"ಇಬ್ಬರೂ ಚೆನ್ನಾಗಿದ್ದಾರಂತೆ, ನೀವು ಊಟ ಶುರು ಮಾಡಿ," ಎಂದು ಪಿಸುಗುಟ್ಟಿದೆ. "ಆದ್ರೆ ನಂಗೆ ಇನ್ನೂ ಸಿಕ್ಕಿಲ್ಲ."